ಬುತ್ತಿ ಬರಿದಾದಲ್ಲಿ ಯುದ್ಧ ತಿರುಗಿತು

ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದ ಬಂಧುಗಳ ಮಗನೊಬ್ಬ, ಪ್ರೌಢಶಾಲೆಯಲ್ಲಿ ಓದುತ್ತಿರುವವನು, ಇತಿಹಾಸದ ಪುಸ್ತಕವನ್ನು ನನ್ನ ಮುಂದಿಟ್ಟು, "ಅಜ್ಜಾ, ಎರಡನೆಯ ಮಹಾಯುದ್ಧವನ್ನು ಗೆದ್ದುಕೊಟ್ಟವರು ಯಾರು?" ಎಂದು ಕೇಳಿದ. ನಾನು ನನಗೆ ತಿಳಿದ ಸೇನಾಪತಿಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ನಮ್ಮ ಮನೆಯವರು ಬಾಗಿಲ ಬಳಿ ಬಂದು, "ಅದೆಲ್ಲ ಇರಲಿ, ಅಷ್ಟು ಲಕ್ಷ ಜನಕ್ಕೆ ಹೊತ್ತು ಹೊತ್ತಿಗೆ ಅನ್ನ ನೀರು ಮುಟ್ಟಿಸಿದವರು ಯಾರು, ಅದನ್ನು ಹೇಳಿ" ಎಂದರು. ಹುಡುಗ ನಕ್ಕ. ನಾನು ನಗಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಮತ್ತೊಮ್ಮೆ ಗ್ರಂಥಗಳನ್ನು ತೆರೆದಾಗ ಕಂಡ ಸಂಗತಿಗಳನ್ನೇ ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿ ಹೋದಾಗ ಈ ಮಹಾಸಂಗ್ರಾಮ ಆರಂಭವಾಯಿತು. 1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾಯಿತು. 1941ರ ಜೂನ್ 22ರಂದು ಹಿಟ್ಲರನ ಸೇನೆ ಸೋವಿಯತ್ ರಷ್ಯಾದ ಗಡಿಯನ್ನು ದಾಟಿತು. ಅದೇ ವರ್ಷ ಡಿಸೆಂಬರ್ 7ರಂದು ಜಪಾನೀ ವಿಮಾನಗಳು ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಬಾಂಬಿನ ಮಳೆಗರೆದವು. 1942ರ ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾದವು. ಆ ವರ್ಷದ ಮಧ್ಯಭಾಗದಲ್ಲಿ ಭೂಪಟವನ್ನು ನೋಡಿದವರಿಗೆ ಜರ್ಮನಿ ಮತ್ತು ಜಪಾನುಗಳನ್ನು ತಡೆಯುವವರೇ ಇಲ್ಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮುಂದಿನ ಎಂಟೇ ತಿಂಗಳುಗಳಲ್ಲಿ ಸಮುದ್ರದಲ್ಲೊಂದು, ಮರುಭೂಮಿಯಲ್ಲೊಂದು, ಹಿಮದಲ್ಲೊಂದು ಹೀಗೆ ಮೂರು ಕಡೆ ಯುದ್ಧದ ದಿಕ್ಕು ಬದಲಾಯಿತು. ನಾಲ್ಕನೆಯ ತಿರುವು 1944ರಲ್ಲಿ ನಮ್ಮ ದೇಶದ ಮೂಡಣ ಬಾಗಿಲಲ್ಲೇ ಸಂಭವಿಸಿತು.

ಮೂರು ದಿನದ ದುರಸ್ತಿ

ಹವಾಯಿಗೆ ವಾಯವ್ಯದಲ್ಲಿ, ಶಾಂತಸಾಗರದ ನಡುವೆ ಮಿಡ್ವೇ ಎಂಬ ಪುಟ್ಟ ದ್ವೀಪವಿದೆ. ಜಪಾನಿನ ಗುಪ್ತ ಸಂದೇಶಗಳಲ್ಲಿ 'ಎಎಫ್' ಎಂಬ ಸ್ಥಳದ ಮೇಲೆ ದಾಳಿ ನಡೆಯಲಿದೆಯೆಂಬ ಸುಳಿವು ಅಮೆರಿಕದ ಸಂಕೇತಜ್ಞರಿಗೆ ದೊರೆತಿತ್ತು. ಆ ಸ್ಥಳ ಮಿಡ್ವೇ ಇರಬಹುದೆಂದು ಅವರು ಊಹಿಸಿದ್ದರೂ ನಿಶ್ಚಯವಾಗಬೇಕಾಗಿತ್ತು. ಅದಕ್ಕಾಗಿ, ದ್ವೀಪದಲ್ಲಿ ಕುಡಿಯುವ ನೀರು ಶುದ್ಧಿ ಮಾಡುವ ಯಂತ್ರ ಕೆಟ್ಟಿದೆಯೆಂದು ಮಿಡ್ವೇಯಿಂದ ಬಹಿರಂಗವಾಗಿಯೇ ಒಂದು ಸುಳ್ಳು ಸಂದೇಶ ಕಳಿಸಿದರು. ಬಳಿಕ ಸಿಕ್ಕಿದ ಜಪಾನೀ ಸಂದೇಶದಲ್ಲಿ 'ಎಎಫ್'ನಲ್ಲಿ ನೀರಿನ ಕೊರತೆ ಇದೆಯೆಂಬ ಮಾತಿತ್ತು! ಸಂಶಯ ಕಳೆಯಿತು.

ಆದರೆ ಹೋರಾಡಲು ಹಡಗು ಬೇಕಲ್ಲ? 'ಯಾರ್ಕ್‌ಟೌನ್' ಎಂಬ ವಿಮಾನವಾಹಕ ನೌಕೆ ಮೇ ತಿಂಗಳ ಕೋರಲ್ ಸಮುದ್ರದ ಕದನದಲ್ಲಿ ಬಾಂಬಿಗೆ ಗುರಿಯಾಗಿ, ಮೇ 27ರಂದು ಪರ್ಲ್ ಹಾರ್ಬರಿಗೆ ಕುಂಟುತ್ತಾ ಬಂದಿತು. ಪೂರ್ಣ ದುರಸ್ತಿಗೆ ತಿಂಗಳುಗಳೇ ಬೇಕೆಂಬ ಅಂದಾಜಿತ್ತು. ನೌಕಾಪತಿ ನಿಮಿಟ್ಜ್ ಕೊಟ್ಟದ್ದು ಮೂರೇ ದಿನ. ಸುಮಾರು 1,400 ಮಂದಿ ಕೆಲಸಗಾರರು ಹಗಲಿರುಳೆನ್ನದೆ ಬೆಸುಗೆ ಹಾಕಿದರು, ಒಡೆದ ಅಂಕಣಗಳಿಗೆ ಆಸರೆ ಕೊಟ್ಟರು. ಮೇ 30ರಂದು ಆ ಹಡಗು ಮತ್ತೆ ಸಮುದ್ರಕ್ಕಿಳಿಯಿತು. ಜೂನ್ 4ರಂದು ನಡೆದ ಕದನದಲ್ಲಿ ಜಪಾನ್ ತನ್ನ ನಾಲ್ಕು ದೊಡ್ಡ ವಿಮಾನವಾಹಕಗಳನ್ನು, ಅಂದರೆ ಅಕಾಗಿ, ಕಾಗಾ, ಸೋರ್ಯು, ಹಿರ್ಯುಗಳನ್ನು ಕಳೆದುಕೊಂಡಿತು. ಸೋರ್ಯುವನ್ನು ಹೊಡೆದವು ಯಾರ್ಕ್‌ಟೌನಿನಿಂದ ಹಾರಿದ ವಿಮಾನಗಳೇ. ಜಪಾನೀಯರ ಪ್ರತಿದಾಳಿಯಲ್ಲಿ ಜರ್ಜರಿತವಾದ ಯಾರ್ಕ್‌ಟೌನ್ ಕೊನೆಗೆ ಮುಳುಗಿತು; ಆದರೆ ಅಷ್ಟರಲ್ಲಿ ಅದು ತನ್ನ ಕೆಲಸವನ್ನು ಮಾಡಿ ಮುಗಿಸಿತ್ತು. ಆ ವಿಮಾನಗಳನ್ನು ಹಾರಿಸಿದವರ ಶೌರ್ಯ ದೊಡ್ಡದು. ಆದರೆ ಹಾರಲು ಅವರಿಗೊಂದು ನೆಲೆಯನ್ನು ಒದಗಿಸಿದವರು ಆ 1,400 ಮಂದಿ ಎಂಬುದನ್ನೂ ಮರೆಯಲಾಗದು.

ಮರಳಿನಲ್ಲಿ ಬತ್ತಿದ ಇಂಧನ

ಅದೇ ವರ್ಷ ಉತ್ತರ ಆಫ್ರಿಕದಲ್ಲಿ ಜರ್ಮನ್ ಸೇನಾನಿ ರೊಮೆಲ್ ಬ್ರಿಟಿಷರನ್ನು ಹಿಮ್ಮೆಟ್ಟಿಸುತ್ತಾ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಎಲ್ ಅಲಮೀನ್‌ವರೆಗೆ ಬಂದಿದ್ದ. ಅವನ ರಣಚಾತುರ್ಯವನ್ನು ಶತ್ರುಗಳೂ ಮೆಚ್ಚುತ್ತಿದ್ದರು. ಆದರೆ ಅವನು ಮುಂದೆ ಮುಂದೆ ಹೋದಷ್ಟೂ ಅವನ ಉಗ್ರಾಣ ಹಿಂದೆ ಹಿಂದೆ ಉಳಿಯುತ್ತಿತ್ತು. ಇಟಲಿಯಿಂದ ಸಮುದ್ರ ದಾಟಿ ಲಿಬಿಯಾದ ಬಂದರುಗಳಿಗೆ ಬಂದಿಳಿದ ಸರಕು ಅಲ್ಲಿಂದ ಲಾರಿಗಳಲ್ಲಿ ನೂರಾರು ಕಿಲೋಮೀಟರ್ ಮರಳು ದಾರಿಯನ್ನು ಸವೆಸಬೇಕಾಗಿತ್ತು. ಮುಂಚೂಣಿಗೆ ಪೆಟ್ರೋಲು ಸಾಗಿಸುವ ಲಾರಿಗಳೇ ಪೆಟ್ರೋಲನ್ನು ಕುಡಿದು ಮುಗಿಸುತ್ತಿದ್ದವು.

ಇಟಲಿ ಮತ್ತು ಲಿಬಿಯಾಗಳ ನಡುವಿನ ದಾರಿಯಲ್ಲಿ ಮಾಲ್ಟಾ ಎಂಬ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಂದ ಹೊರಡುವ ವಿಮಾನಗಳೂ ಜಲಾಂತರ್ಗಾಮಿಗಳೂ ರೊಮೆಲನ ಸರಕಿನ ಹಡಗುಗಳನ್ನು ಮುಳುಗಿಸುತ್ತಿದ್ದವು. ಆದರೆ ಮಾಲ್ಟಾದ ಜನರೇ ಬಾಂಬ್ ದಾಳಿಯಿಂದಲೂ ಹಸಿವಿನಿಂದಲೂ ಕಂಗೆಟ್ಟಿದ್ದರು. 1942ರ ಆಗಸ್ಟ್‌ನಲ್ಲಿ ಆ ದ್ವೀಪಕ್ಕೆ ಆಹಾರ, ಇಂಧನ ಒಯ್ಯಲು 14 ವ್ಯಾಪಾರೀ ಹಡಗುಗಳು ಹೊರಟವು. ದಡ ಮುಟ್ಟಿದವು ಐದು ಮಾತ್ರ. ಅವುಗಳಲ್ಲಿ ಕೊನೆಯದಾದ 'ಒಹಾಯೊ' ಎಂಬ ತೈಲನೌಕೆ ಏಟು ತಿಂದು ಮುಳುಗುವ ಸ್ಥಿತಿಯಲ್ಲಿತ್ತು. ಅದನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿ, ರೋಗಿಯನ್ನು ತೋಳು ಹಿಡಿದು ನಡೆಸುವಂತೆ, ಆಗಸ್ಟ್ 15ರಂದು ಬಂದರಿಗೆ ತಂದರು. ಮಾಲ್ಟಾ ಉಳಿಯಿತು.

ಅಕ್ಟೋಬರ್ 23ರ ರಾತ್ರಿ ಬ್ರಿಟಿಷ್ ಸೇನಾನಿ ಮಾಂಟ್ಗೊಮರಿಯ ಫಿರಂಗಿಗಳು ಎಲ್ ಅಲಮೀನ್‌ನಲ್ಲಿ ಗರ್ಜಿಸಿದವು. ಆತನ ಸೇನೆಯಲ್ಲಿ ನಮ್ಮ ದೇಶದ ನಾಲ್ಕನೆಯ ಭಾರತೀಯ ಡಿವಿಜನ್ನಿನ ಯೋಧರೂ ಇದ್ದರು. ಕದನ ನಡೆಯುತ್ತಿರುವಾಗಲೇ, ಅಕ್ಟೋಬರ್ 26ರಂದು, ರೊಮೆಲನಿಗೆ ಇಂಧನ ತರುತ್ತಿದ್ದ 'ಪ್ರೊಸೆರ್ಪಿನಾ' ಎಂಬ ಹಡಗು ತೊಬ್ರೂಕ್ ಬಂದರಿನ ಹೊರಗೆ ನಾಶವಾಯಿತು. ಟ್ಯಾಂಕುಗಳನ್ನು ಬೇಕಾದಲ್ಲಿಗೆ ತಿರುಗಿಸುವಷ್ಟು ಪೆಟ್ರೋಲೂ ಉಳಿಯದಾಗ ಚಾತುರ್ಯ ಏನು ಮಾಡೀತು? ನವೆಂಬರ್ 4ರ ಹೊತ್ತಿಗೆ ರೊಮೆಲನ ಸೇನೆ ಹಿಮ್ಮೆಟ್ಟತೊಡಗಿತು.

ಬಾರದೆ ಹೋದ ರೊಟ್ಟಿ

ಮೂರನೆಯದು ಸ್ಟಾಲಿನ್‌ಗ್ರಾಡ್. ವೋಲ್ಗಾ ನದಿಯ ದಡದ ಈ ನಗರವನ್ನು 1942ರ ಆಗಸ್ಟ್ 23ರಂದು ಜರ್ಮನ್ ವಿಮಾನಗಳು ಬೆಂಕಿಗಾಹುತಿ ಮಾಡಿದವು. ಅಂದಿನಿಂದ ಮನೆಮನೆಯಲ್ಲಿ, ಮಹಡಿ ಮಹಡಿಯಲ್ಲಿ ಹೋರಾಟ ನಡೆಯಿತು. ಚುಯ್ಕೋವನ ನೇತೃತ್ವದ ಸೋವಿಯತ್ ಸೇನೆಯು ಬೆನ್ನಿಗೆ ನದಿಯನ್ನಿಟ್ಟುಕೊಂಡು ನಿಂತಿತ್ತು. ಅವರಿಗೆ ಬೇಕಾದ ರೊಟ್ಟಿ, ಮದ್ದುಗುಂಡು, ಹೊಸ ಸೈನಿಕರು ಎಲ್ಲವೂ ರಾತ್ರಿಯ ಕತ್ತಲಲ್ಲಿ ದೋಣಿಗಳ ಮೂಲಕ ಬರಬೇಕು. ಮರಳುವಾಗ ಅದೇ ದೋಣಿಗಳಲ್ಲಿ ಗಾಯಾಳುಗಳು. ಗುಂಡಿನ ಸುರಿಮಳೆಯಲ್ಲಿ ಅಂಬಿಗರು ಆ ನದಿಯನ್ನು ದಾಟುತ್ತಲೇ ಇದ್ದರು.

ನವೆಂಬರ್ 19ರಂದು ಸೋವಿಯತ್ ಸೇನೆಯು ನಗರದ ಎರಡೂ ಪಕ್ಕಗಳಲ್ಲಿದ್ದ ದುರ್ಬಲ ಪಡೆಗಳನ್ನು ಭೇದಿಸಲಾರಂಭಿಸಿ, ನವೆಂಬರ್ 23ಕ್ಕೆ ಜರ್ಮನ್ ಆರನೆಯ ಸೇನೆಯನ್ನು ಸುತ್ತುವರಿಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಒಳಗೆ ಸಿಕ್ಕಿಬಿದ್ದರು. ಹೊರಗೆ ಬರಲು ಸೇನಾಪತಿ ಪೌಲುಸ್ ಅನುಮತಿ ಬೇಡಿದ. ಹಿಟ್ಲರ್ ಒಪ್ಪಲಿಲ್ಲ. ವಾಯುಸೇನೆಯ ಮುಖ್ಯಸ್ಥ ಗೋರಿಂಗ್, ವಿಮಾನಗಳ ಮೂಲಕವೇ ದಿನಕ್ಕೆ 500 ಟನ್ ಸಾಮಗ್ರಿ ಒದಗಿಸುವೆನೆಂದು ಮಾತು ಕೊಟ್ಟ. ತಲುಪಿದ್ದು ಸರಾಸರಿ ದಿನಕ್ಕೆ ಸುಮಾರು 100 ಟನ್. ಕೊಟ್ಟ ಮಾತಿಗೂ ಬಂದ ರೊಟ್ಟಿಗೂ ಇದ್ದ ಈ ಅಂತರದಲ್ಲಿ ಒಂದು ಸೇನೆಯೇ ಸತ್ತಿತು. ಸೈನಿಕರು ಕುದುರೆಗಳನ್ನು ಕೊಂದು ತಿಂದರು. ಕೊನೆಗೆ ಅವೂ ಮುಗಿದವು. 1943ರ ಜನವರಿ 31ರಂದು ಪೌಲುಸ್, ಫೆಬ್ರವರಿ 2ರಂದು ಉಳಿದವರು ಶರಣಾದರು. ಸೆರೆಯಾದ ಸುಮಾರು 91,000 ಮಂದಿಯಲ್ಲಿ ಮನೆಗೆ ಮರಳಿದವರು ಐದಾರು ಸಾವಿರ ಮಾತ್ರ. ಗೆದ್ದವರ ಮನೆಗಳಲ್ಲೂ ಸೂತಕವೇ. ಸತ್ತವರು, ಕಾಣೆಯಾದವರು ಸೇರಿ ಸೋವಿಯತ್ ಪಕ್ಷದಲ್ಲಿ ಸುಮಾರು 4,80,000 ಯೋಧರು ಇಲ್ಲವಾದರು.

ನಮ್ಮ ಮೂಡಣ ಬಾಗಿಲಲ್ಲಿ

1944ರ ಮಾರ್ಚ್‌ನಲ್ಲಿ ಜಪಾನಿನ ಸೇನಾಪತಿ ಮುತಗುಚಿಯ ಮೂರು ಡಿವಿಜನ್‌ಗಳು ಬರ್ಮಾದಿಂದ ಚಿಂದ್ವಿನ್ ನದಿ ದಾಟಿ ಮಣಿಪುರ ಮತ್ತು ನಾಗಾ ಬೆಟ್ಟಗಳತ್ತ ಹೊರಟವು. ಸ್ವಾತಂತ್ರ್ಯದ ಕನಸು ಹೊತ್ತ ನೇತಾಜಿ ಸುಭಾಷರ ಆಜಾದ್ ಹಿಂದ್ ಫೌಜಿನ ವೀರರೂ ಜೊತೆಗಿದ್ದರು. ಎದುರು ಪಕ್ಷದಲ್ಲಿ ಸ್ಲಿಮ್ ಎಂಬ ಸೇನಾನಿಯ ಕೈಕೆಳಗೆ ನಿಂತವರಲ್ಲಿಯೂ ಬಹುಸಂಖ್ಯಾತರು ಭಾರತೀಯರೇ. ಒಂದೇ ತಾಯಿಯ ಮಕ್ಕಳು ಎರಡೂ ಕಡೆ ಇದ್ದರೆಂಬುದು ಈ ಕದನದ ನೋವು.

ಮುತಗುಚಿ ತನ್ನ ಸೈನಿಕರಿಗೆ ಕೊಟ್ಟಿದ್ದು ಸುಮಾರು ಮೂರು ವಾರದ ಬುತ್ತಿ. ಅಷ್ಟರೊಳಗೆ ಇಂಫಾಲವನ್ನು ಗೆದ್ದು ಬ್ರಿಟಿಷರ ಉಗ್ರಾಣದಿಂದಲೇ ಉಣ್ಣಬಹುದೆಂಬುದು ಅವನ ಲೆಕ್ಕ. ಜೊತೆಗೆ ಅಟ್ಟಿಕೊಂಡು ಹೊರಟಿದ್ದ ದನಗಳಲ್ಲಿ ಹೆಚ್ಚಿನವು ನದಿಯಲ್ಲಿ, ಕಡಿದಾದ ಬೆಟ್ಟದ ದಾರಿಯಲ್ಲಿ ಸತ್ತವು. ಇತ್ತ ಇಂಫಾಲದಲ್ಲಿ ಮುತ್ತಿಗೆಗೆ ಸಿಕ್ಕಿದವರಿಗೆ ವಿಮಾನಗಳು ಅಕ್ಕಿ, ಔಷಧಿ, ಮದ್ದುಗುಂಡು ತಂದಿಳಿಸಿದವು. ಕೊಹಿಮಾದಲ್ಲಿ ಒಂದು ಸಣ್ಣ ಗುಡ್ಡವನ್ನು ಹಿಡಿದಿದ್ದ ಪಡೆ ನೀರಿನ ಆಸರೆಯನ್ನೂ ಕಳೆದುಕೊಂಡಾಗ ಪ್ಯಾರಾಚೂಟುಗಳಲ್ಲಿ ನೀರನ್ನೇ ಇಳಿಸಿದರು. ನಾಗಾ ಜನರು ಹೊರೆ ಹೊತ್ತರು, ದಾರಿ ತೋರಿದರು, ಗಾಯಾಳುಗಳನ್ನು ಹೆಗಲ ಮೇಲೆ ಒಯ್ದರು.

ಕೊಹಿಮಾವನ್ನು ಮುತ್ತಿದ್ದ ಜಪಾನೀ ಡಿವಿಜನ್ನಿನ ನಾಯಕ ಸಾತೊ ಹಲವು ವಾರ ಕಾದ. ಅನ್ನವೂ ಬರಲಿಲ್ಲ, ಗುಂಡೂ ಬರಲಿಲ್ಲ. ಕೊನೆಗೆ ಮೇಲಿನವರ ಆಜ್ಞೆಯನ್ನು ಮೀರಿ, ಮೇ ತಿಂಗಳ ಅಂತ್ಯದಲ್ಲಿ ಅಳಿದುಳಿದವರನ್ನು ಕರೆದುಕೊಂಡು ಹಿಂದಿರುಗಿದ. ಆಜ್ಞೆ ಮುರಿಯುವುದು ಜಪಾನೀ ಸೇನೆಯಲ್ಲಿ ಮಹಾಪರಾಧ. ಆದರೂ ಹಸಿದವರನ್ನು ಸುಮ್ಮನೆ ಸಾಯಲು ಬಿಡಲು ಅವನ ಮನಸ್ಸು ಒಪ್ಪಲಿಲ್ಲ. ಜೂನ್ 22ರಂದು ಇಂಫಾಲ–ಕೊಹಿಮಾ ರಸ್ತೆ ತೆರೆಯಿತು. ಮರಳುವ ದಾರಿಯ ಮಳೆ, ಹಸಿವು, ಜ್ವರಗಳಿಗೆ ಸಹಸ್ರಾರು ಜಪಾನೀಯರು ಬಲಿಯಾದರು. ಆಜಾದ್ ಹಿಂದ್ ಫೌಜಿನ ಅನೇಕರೂ ಅದೇ ಗತಿಯನ್ನು ಕಂಡರು.

ಈ ಪೂರ್ವರಂಗಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರ ನಂತರ ಅಮೆರಿಕದ ವಾಯುಪಡೆಯ ವಿಮಾನಗಳನ್ನೂ ಎಂಜಿನುಗಳನ್ನೂ ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಪರ್ಲ್ ಹಾರ್ಬರಿನ ಆ ಕೆಲಸಗಾರರಂತೆ ಇಲ್ಲಿಯೂ ಎಣ್ಣೆ ಮೆತ್ತಿದ ಕೈಗಳು ದುಡಿದವು. ಆ ಕೈಗಳ ಹೆಸರುಗಳು ಶಾಲೆಯ ಪುಸ್ತಕದಲ್ಲಿಲ್ಲ.

ಲೆಕ್ಕಕ್ಕೆ ಸಿಗದವರು

ಇಷ್ಟು ಹೇಳಿ ಮುಗಿಸಿದರೆ ಕಥೆ ಅರ್ಧವೇ ಆಗುತ್ತದೆ. ಸೈನಿಕನಿಗೆ ಬುತ್ತಿ ಮುಟ್ಟಿಸಲು ಇಷ್ಟೆಲ್ಲ ಸಾಹಸಪಟ್ಟ ಅದೇ ಯುದ್ಧಕಾಲದಲ್ಲಿ, ಅದೇ ಪೂರ್ವರಂಗದ ಬೆನ್ನಿಗಿದ್ದ ಬಂಗಾಳದಲ್ಲಿ 1943ರಲ್ಲಿ ಭೀಕರ ಕ್ಷಾಮ ತಲೆದೋರಿತು. ಬರ್ಮಾದ ಅಕ್ಕಿ ನಿಂತಿತ್ತು. ಶತ್ರುವಿಗೆ ದಕ್ಕಬಾರದೆಂದು ಸರಕಾರವೇ ನದೀತೀರದ ಜನರ ಸಾವಿರಾರು ದೋಣಿಗಳನ್ನು ಕಸಿದುಕೊಂಡಿತ್ತು. ಬೆಲೆ ಗಗನಕ್ಕೇರಿತ್ತು, ಪರಿಹಾರ ತಡವಾಗಿ ಬಂತು. ಹಸಿವು ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ಸತ್ತವರು 20ರಿಂದ 30 ಲಕ್ಷವೆಂದು ಅಂದಾಜು. ಇಡೀ ಯುದ್ಧದಲ್ಲಿ ಮಡಿದ ಭಾರತೀಯ ಯೋಧರು ಸುಮಾರು 87,000. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಬಂದೂಕು ಹಿಡಿದವನ ಬುತ್ತಿಯ ಲೆಕ್ಕ ಬರೆದ ಕೈ ಗುಡಿಸಲಿನ ತಾಯಿಯ ಮಡಕೆಯ ಲೆಕ್ಕವನ್ನು ಬರೆಯಲಿಲ್ಲವೆಂಬುದು ತಿಳಿಯುತ್ತದೆ. ಯಾವ ವಿಜಯೋತ್ಸವವೂ ಆ ಋಣವನ್ನು ತೀರಿಸಲಾರದು.

1945ರ ಮೇ ತಿಂಗಳಲ್ಲಿ ಜರ್ಮನಿ, ಆಗಸ್ಟ್‌ನಲ್ಲಿ ಜಪಾನ್ ಸೋಲೊಪ್ಪಿದವು. ಶೌರ್ಯವಿಲ್ಲದೆ ಬುತ್ತಿಯೊಂದರಿಂದಲೇ ಯುದ್ಧ ಗೆಲ್ಲುವುದಿಲ್ಲ, ನಿಜ. ಆದರೆ ತನ್ನನ್ನು ನಂಬಿದವರ ಹಸಿವನ್ನು ಲೆಕ್ಕಿಸದ ನಾಯಕನು, ಅವನು ಎಷ್ಟೇ ದೊಡ್ಡವನಿರಲಿ, ಕೊನೆಗೆ ಅವರನ್ನು ಕೈಬಿಟ್ಟಂತೆಯೇ ಸರಿ. ಸ್ಟಾಲಿನ್‌ಗ್ರಾಡಿನ ಹಿಮವೂ ಕೊಹಿಮಾದ ಮಳೆಯೂ ಹೇಳುವುದು ಇದನ್ನೇ. ಒಂದು ಸೇನೆಗೆ ಸಲ್ಲುವ ಈ ಮಾತು ಒಂದು ಸಂಸ್ಥೆಗೂ ಒಂದು ಮನೆತನಕ್ಕೂ ಸಲ್ಲುತ್ತದೆ.

ಆ ಹುಡುಗನಿಗೆ ನಾನು ಮತ್ತೆ ಪತ್ರ ಬರೆದಿದ್ದೇನೆ. ಸೇನಾಪತಿಗಳ ಹೆಸರುಗಳನ್ನು ಪರೀಕ್ಷೆಗೆ ಬರೆ, ಮಗು. ಆದರೆ ಹಡಗಿನ ಬೆಸುಗೆಯವನನ್ನು, ವೋಲ್ಗಾದ ಅಂಬಿಗನನ್ನು, ಹೊರೆ ಹೊತ್ತ ನಾಗಾ ಬಂಧುವನ್ನು, ಬಂಗಾಳದ ಬರಿದಾದ ಮಡಕೆಯನ್ನು ಮನಸ್ಸಿನಲ್ಲಿ ಇಟ್ಟುಕೋ ಎಂದು ತಿಳಿಸಿದ್ದೇನೆ. ನಿಜವಾದ ಪ್ರಶ್ನೆ ಕೇಳಿದವರು ಒಲೆಯ ಮುಂದಿನಿಂದ ಎದ್ದು ಬಂದವರೆಂಬುದನ್ನೂ ಸೇರಿಸಿದ್ದೇನೆ.