ಹೊರಟ ದಾರ ಮರಳಬೇಕು
ಈ ವಾರ ಧಾರವಾಡದ ನಮ್ಮ ಮನೆಯಲ್ಲಿ ಅತ್ತಿಗೆ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದರೆ, ಪಕ್ಕದಲ್ಲಿ ಅವರ ಮಗಳು ಮೊದಲ ವೆಬ್ ಪುಟ ಬರೆಯುತ್ತಿದ್ದಳು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋದ ದಾರ, ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಮರಳುತ್ತದೆ. ಗಂಟಿಲ್ಲ, ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ‘ಹಿಂದ ಚಂದ ಇದ್ರನ ಕಸೂತಿ’ ಎನ್ನುತ್ತಾರೆ ಅತ್ತಿಗೆ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನ ಶಿಸ್ತೂ ಇದೇ: ಸಾಮಾನ್ಯವಾಗಿ ತೆರೆದ ಟ್ಯಾಗನ್ನು ಮುಚ್ಚಬೇಕು, ಒಳಗಿನದನ್ನು ಮೊದಲು. ತಪ್ಪಿದ್ದರೂ ಬ್ರೌಸರ್ ಸಾವರಿಸಿಕೊಂಡು ಪುಟ ತೋರಿಸೀತು. ಆದರೆ ಪುಟದ ಹಿಂಬದಿಯನ್ನೇ ನೆಚ್ಚಿದವರಿದ್ದಾರೆ. ಶೀರ್ಷಿಕೆಗೆ ‘ಎಚ್1’, ಪ್ಯಾರಾಕ್ಕೆ ‘ಪಿ’, ಭಾಷೆಗೆ ‘ಕೆಎನ್’ ಎಂದು ಗುರುತಿಟ್ಟರೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಕನ್ನಡ ದನಿಯಲ್ಲಿ ಓದುವ ದಾರಿ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ಶಾಲೆಗಳು ಮಕ್ಕಳ ಕೈಗೆ ಸಿದ್ಧ ವಿನ್ಯಾಸ ಕೊಡುವ ಮೊದಲು ಈ ಹಿಂಬದಿಯ ಹೊಲಿಗೆ ಕಲಿಸಲಿ.