ಲೆಕ್ಕ ಓದುವ ಮಗಳು

ಪ್ಲಸ್ ಟು ಫಲಿತಾಂಶ ಬಂದ ವಾರ ತಾಯಿ-ಮಗಳು ನಮ್ಮಲ್ಲಿಗೆ ಬಂದಿದ್ದರು. ಮಗಳಿಗೆ ಬಿ.ಕಾಂ. ಆಸೆ, ತಾಯಿಗೆ ನರ್ಸಿಂಗೇ ಆಗಬೇಕು. "ಲೆಕ್ಕ ಬರೆದು ಏನು ಸಿಗುತ್ತದೆ ಫಾದರ್?"

ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ವಿವರಿಸಿದ ಲೂಕಾ ಪಾಚೋಲಿ ಫ್ರಾನ್ಸಿಸ್ಕನ್ ಸಂನ್ಯಾಸಿ ಎಂದೆವು. (ಸೆಮಿನರಿಯಲ್ಲಿ ನಮಗೆ ಇದನ್ನು ಯಾರೂ ಕಲಿಸಲಿಲ್ಲ!) ತಾಯಿ ಜಗ್ಗಲಿಲ್ಲ. ಬಿ.ಕಾಂ.ನಲ್ಲಿ ಶೇಕಡಾ 55 ಅಂಕ ಬಂದರೆ ಸಿ.ಎ. ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು ಎಂದಾಗ ಮಾತ್ರ ಕಿವಿಗೊಟ್ಟರು.

ಹುಡುಗಿಯ ಭಯ ಬೇರೆ. ಹತ್ತರವರೆಗೆ ಕಾಸರಗೋಡಿನ ಕನ್ನಡ ಶಾಲೆ. ಜಮೆ, ಖರ್ಚು ಗೊತ್ತು, ಇಂಗ್ಲಿಷ್ ಪಾಠವೆಂದರೆ ನಡುಕ. "ಶನಿವಾರ ಬಂದು ಚರ್ಚಿನ ಲೆಕ್ಕ ನೋಡು" ಎಂದೆವು.

ಬಂದಳು. ನಾವು ಕೂಡಿಸಿದ್ದರಲ್ಲಿ ನಲವತ್ತು ರೂಪಾಯಿ ತಪ್ಪು ಹಿಡಿದಳು. ತಾಯಿ ಪಕ್ಕದಲ್ಲೇ ಕುಳಿತಿದ್ದರು.