ಕುದುರೆ ಹೊಸದಾದರೆ ಜೀನು ಬಿಗಿಯುವುದು ಹೇಗೆ?

ರಜೆಯಲ್ಲಿ ಅಣ್ಣನ ಮನೆ, ಮಗಳ ಮನೆ ಎಂದು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗೆ ಹೋಗಿಬರುವವರು ನಮ್ಮಲ್ಲೂ ಇದ್ದಾರೆ. 2018ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡಲ್ಲಾಸಿನಲ್ಲೇ. ಅಲ್ಲಿಗೆ ಹೋದಮೇಲೆ ಕುದುರೆಯ ಮೇಲೊಂದು ಫೋಟೊ ಬೇಕಲ್ಲ! ಫೋಟೊಗೆ ನಮ್ಮ ತಕರಾರಿಲ್ಲ. ಹತ್ತುವುದಕ್ಕೆ ಮುಂಚಿನ ಹತ್ತು ನಿಮಿಷದ ಬಗ್ಗೆ ಮಾತ್ರ ಈ ಸಲದ ಅಂಕಣ.

ಟೆಕ್ಸಾಸಿನಲ್ಲಿ ಕುದುರೆ ಬದುಕಿನ ಭಾಗ. ಹ್ಯೂಸ್ಟನ್ನಿನ ಜಾನುವಾರು ಜಾತ್ರೆ ಮತ್ತು ರೋಡಿಯೊ 1932ರಷ್ಟು ಹಳೆಯದು. ಅದಕ್ಕಾಗಿ ಬ್ರೆನ್‌ಹ್ಯಾಮ್ ಊರಿನಿಂದ ಸವಾರರು ಹೊರಡುವ ಪದ್ಧತಿ 1952ರಲ್ಲಿ ಶುರುವಾಯಿತು. ನಾವೇನು ಕಡಿಮೆಯೆ? 1918ರಲ್ಲಿ ಹೈಫಾ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಆದರೆ ಆ ಕೀರ್ತಿ ರಾಂಚಿನ ಕುದುರೆಗೆ ಗೊತ್ತಿರುವುದಿಲ್ಲ.

ರಾಂಚಿನ ಬಾಗಿಲಲ್ಲಿ ಒಂದು ಎಚ್ಚರಿಕೆ ಫಲಕ ಕಾಣುತ್ತದೆ. ಸವಾರಿಯ ಸಹಜ ಅಪಾಯದಿಂದ ಪೆಟ್ಟಾದರೆ ಮಾಲೀಕರು ಹೊಣೆಯಲ್ಲ ಎಂಬುದು ಅದರ ಸಾರ. ಟೆಕ್ಸಾಸ್ ಕಾನೂನಿನ 87ನೇ ಅಧ್ಯಾಯ. ಆದರೆ ಜೀನು, ಪಟ್ಟಿ ಕೆಟ್ಟಿವೆ ಎಂದು ತಿಳಿದೂ ಕೊಟ್ಟರೆ, ಸವಾರನಿಗೆ ಎಷ್ಟು ಬರುತ್ತದೆಂದು ವಿಚಾರಿಸದೆ ಹತ್ತಿಸಿದರೆ ಆ ರಕ್ಷಣೆ ಅವರಿಗಿಲ್ಲ. ಆದ್ದರಿಂದ "ನಿಮಗೆ ಸವಾರಿ ಬರುತ್ತದೆಯೆ?" ಎಂದು ಕೇಳಿದಾಗ ಭಾವಮೈದುನನ ಮುಂದೆ ಜಂಬ ಕೊಚ್ಚಬಾರದು. ಅಲ್ಲಿನ ಆಸ್ಪತ್ರೆ ಬಿಲ್ಲು ನಮ್ಮ ಎಷ್ಟು ತಿಂಗಳ ಸಂಬಳ ತಿನ್ನುತ್ತದೆ ಎಂದು ಲೆಕ್ಕ ಹಾಕಿ. ಪ್ರವಾಸದ ವಿಮೆಯಲ್ಲಿ ಕುದುರೆ ಸವಾರಿ ಸೇರಿದೆಯೇ ಎಂದು ಹೊರಡುವ ಮೊದಲೇ ಓದಿಕೊಳ್ಳಿ.

ಈಗ ಕುದುರೆಯ ಹತ್ತಿರ ಹೋಗೋಣ. ನೇರ ಹಿಂದಿನಿಂದ ಬೇಡ. ನಾವು ಅಲ್ಲಿ ಅದಕ್ಕೆ ಕಾಣುವುದಿಲ್ಲ. ಮಾತಾಡಿಸುತ್ತಾ ಎಡ ಭುಜದ ಕಡೆಯಿಂದ ಬನ್ನಿ. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ ಅಲ್ಲೇ ನಿಲ್ಲಿ. ಕಟ್ಟುವುದು ಮುಖಪಟ್ಟಿಯ ಹಗ್ಗದಿಂದ, ಲಗಾಮಿನಿಂದ ಎಂದೂ ಅಲ್ಲ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಬೆರಳು ಹೋದಂತೆಯೇ.

ಬೆನ್ನನ್ನೂ ಪಟ್ಟಿ ಕೂರುವ ಎದೆಯಡಿಯನ್ನೂ ಬ್ರಷ್ ಮಾಡಿ, ಅಂಗೈಯಿಂದ ಸವರಿ. ಒಂದು ಮುಳ್ಳು, ಒಣಗಿದ ಕೆಸರು, ಹುಣ್ಣು ಸಾಕು, ಕೂತ ಕೂಡಲೇ ಕುದುರೆ ನೆಗೆಯಲು. ಸವರುವಾಗ ಅದು ಬೆನ್ನು ತಗ್ಗಿಸಿದರೆ, ತಿರುಗಿ ಕಚ್ಚಲು ಬಂದರೆ ನೋವಿದೆ ಎಂದರ್ಥ. ಆ ದಿನ ಬೇರೆ ಕುದುರೆ ಕೇಳಿ.

ಜೀನಿನಡಿಯ ಮೆತ್ತೆಯನ್ನು ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಜಾರಿಸಿದರೆ ಕೂದಲು ನೇರವಾಗಿ ಮಲಗುತ್ತದೆ. ಪಾಶ್ಚಾತ್ಯ ಜೀನು ಹದಿನೈದು ಕಿಲೋ ಆಸುಪಾಸು ತೂಗುತ್ತದೆ. ಬಲಗಡೆಯ ರಿಕಾಬು, ಪಟ್ಟಿಗಳನ್ನು ಮೇಲೆ ಸಿಕ್ಕಿಸಿ, ಮೆಲ್ಲಗೆ ಇಳಿಸಿ. ಅಕ್ಕಿ ಮೂಟೆ ಎಸೆದ ಹಾಗೆ ಎಸೆದರೆ ಗುರುತಿಲ್ಲದ ಕುದುರೆ ಬೆದರದೇ ಇದ್ದೀತೆ? ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಜಾಗ ಬೇಕು. ಆಮೇಲೆ ಬಲಬದಿಗೆ ಹೋಗಿ ಪಟ್ಟಿಗಳನ್ನು ಕೈಯಿಂದಲೇ ಕೆಳಗಿಳಿಸಿ.

ಮೊದಲು ಬಿಗಿಯುವುದು ಮುಂದಿನ ಪಟ್ಟಿ. ಒಂದೇ ಸಲ ಎಳೆದುಬಿಡಬೇಡಿ. ಎಷ್ಟೋ ಕುದುರೆಗಳು ಆಗ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಬಿಗಿಯಾಯಿತೆಂದು ಹತ್ತಿದರೆ ಜೀನು ಪಕ್ಕಕ್ಕೆ ಜಾರಿ ಸವಾರ ನೆಲಕ್ಕೆ. ಅರ್ಧ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿಯಬೇಕು. ಹತ್ತುವ ಮುನ್ನ ಇನ್ನೊಮ್ಮೆ. ಹಿಂದಿನ ಪಟ್ಟಿ ಇದ್ದರೆ ಅದು ಮುಂದಿನದಕ್ಕೆ ಸಣ್ಣ ಪಟ್ಟಿಯಿಂದ ಜೋಡಿಸಿರಬೇಕು, ಇಲ್ಲದಿದ್ದರೆ ತೊಡೆಸಂದಿಗೆ ಸರಿದು ಕುದುರೆ ಒದೆಯುತ್ತದೆ. ಇದನ್ನೆಲ್ಲ ಬಗ್ಗಿ ಮಾಡಿ, ಮಂಡಿಯೂರಬೇಡಿ. ಹಾರಿ ಪಕ್ಕಕ್ಕೆ ಸರಿಯಲು ಕಾಲು ಬೇಕು.

ತಲೆಗೆ ಕೌಬಾಯ್ ಟೋಪಿ ಫೋಟೊಗಷ್ಟೇ, ಸವಾರಿಗೆ ಹೆಲ್ಮೆಟ್. ಕಾಲಿಗೆ ಹಿಮ್ಮಡಿಯಿರುವ ಮುಚ್ಚಿದ ಬೂಟು. ಚಪ್ಪಲಿ ರಿಕಾಬಿನಲ್ಲಿ ಸಿಕ್ಕಿಕೊಂಡರೆ ಕುದುರೆ ಎಳೆದೊಯ್ಯುತ್ತದೆ. ಇಳಿದ ಮೇಲೆ ಬಿಚ್ಚುವ ಕ್ರಮ ತಿರುಗುಮುರುಗು: ಹಿಂದಿನ ಪಟ್ಟಿ ಮೊದಲು, ಮುಂದಿನದು ಕೊನೆಗೆ.